ಸಿಸ್ಟ್ರೇ, ಒಂದ್ ನಿಮಿಷ: ಬಿಪಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೂಡಿಗೆರೆ, ಸಕಲೇಶಪುರ, ಕೊನೆಗೆ ಹಾಸನ ಅಂತ ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದೆ. ನನಗೆ ನಿವೃತ್ತಿಯಾಯಿತು, ಪ್ರಶ್ನೆಗಳಿಗೆ ಆಗಲಿಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಯಾರಾದರೂ ಹಿಡಿದು ನಿಲ್ಲಿಸುತ್ತಾರೆ. ಹಳೇ ಪರಿಚಯದವರು ಚೀಟಿ ಬರೆದು ಕಳಿಸುವುದೂ ಉಂಟು. ಹೆಚ್ಚಿನ ಸಲ ಬಿಪಿ ವಿಷಯವೇ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಬರೆದಿದ್ದೇನೆ. ಮಾತ್ರೆಗಳ ಹೆಸರು ಹಾಕಿರುವುದು ತಿಳಿದಿರಲಿ ಅಂತ. ಅಂಗಡಿಗೆ ಹೋಗಿ ನೀವೇ ಕೊಂಡು ನುಂಗಲಿಕ್ಕಲ್ಲ.

## ಮೊದಲಿಗೆ

"ಮೇಲಿನ ಬಿಪಿ, ಕೆಳಗಿನ ಬಿಪಿ ಅಂದ್ರೇನು?"

ಹೂಮಳೆ ಕೈಕೊಟ್ಟ ವರ್ಷ ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುತ್ತೀರಲ್ಲ, ಆ ಪೈಪನ್ನು ನೆನೆಸಿಕೊಳ್ಳಿ. ಹೃದಯ ಹಿಂಡಿ ರಕ್ತ ತಳ್ಳುವಾಗ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡ ಮೇಲಿನದು. ಎರಡು ಬಡಿತದ ನಡುವೆ ಹೃದಯ ಸಡಿಲಾದಾಗಲೂ ಪೈಪಿನೊಳಗೆ ಉಳಿದಿರುವ ಒತ್ತಡ ಕೆಳಗಿನದು. 120/80 ಅಂದರೆ ಮೇಲಿನದು 120 ಮಿಲಿಮೀಟರ್ ಪಾದರಸ, ಕೆಳಗಿನದು 80. ಎರಡೂ ಮುಖ್ಯ. ಐವತ್ತು ದಾಟಿದವರಲ್ಲಿ ರಕ್ತನಾಳ ಬಿರುಸಾಗುವುದರಿಂದ ಸಾಮಾನ್ಯವಾಗಿ ಮೇಲಿನದೇ ಏರುತ್ತದೆ. "ಕೆಳಗಿಂದು ಸರಿ ಇದೆ, ಬಿಡಿ" ಅಂತ ಅದನ್ನು ತಳ್ಳಿಹಾಕಬಾರದು.

"ಎಷ್ಟಿದ್ರೆ ನಾರ್ಮಲ್? ವಯಸ್ಸಿಗೆ ನೂರು ಸೇರಿಸ್ಬೇಕು ಅಂತಾರಲ್ಲ?"

ಆ ಲೆಕ್ಕವನ್ನು ಇವತ್ತೇ ಮರೆತುಬಿಡಿ. ಅದರ ಪ್ರಕಾರ ಎಪ್ಪತ್ತು ವರ್ಷದವರಿಗೆ 170 ಸರಿ ಅಂತಾಯಿತು. 170ರಲ್ಲಿ ಲಕ್ವ ಹೊಡೆದವರನ್ನು ನಾನೇ ಮಂಚಕ್ಕೆ ಮಲಗಿಸಿದ್ದೇನೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಧಿಕ ರಕ್ತದೊತ್ತಡ ಅನ್ನುತ್ತೇವೆ. ಎರಡರಲ್ಲಿ ಒಂದು ಅಂಕಿ ದಾಟಿದರೂ ಸಾಕು. ಅಮೆರಿಕದ ವೈದ್ಯರು 2017ರಿಂದ 130/80ರಿಂದಲೇ ಲೆಕ್ಕ ಹಾಕುತ್ತಾರೆ. ಹಾಗಾಗಿ 134 ಬಂದರೆ ಗಾಬರಿ ಬೇಡ, ಉಪ್ಪಿನ ಡಬ್ಬದ ಕಡೆ ಒಮ್ಮೆ ನೋಡಿ.

"ನಂಗೆ ತಲೆನೋವೂ ಇಲ್ಲ, ಸುತ್ತೂ ಇಲ್ಲ. ಹಂಗಾದ್ರೆ ಬಿಪಿ ಎಲ್ಲಿಂದ ಬಂತು?"

ನಾನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಬಿಪಿ ಏರಿದ್ದು ಬಹುಪಾಲು ಜನರಿಗೆ ಗೊತ್ತೇ ಆಗುವುದಿಲ್ಲ. 180 ಇಟ್ಟುಕೊಂಡು ಕಾಫಿ ಮೂಟೆ ಹೊತ್ತು ಲಾರಿಗೆ ಹಾಕಿದವರನ್ನು ಕಂಡಿದ್ದೇನೆ. ತಲೆ ಸಿಡಿದುಹೋಗುತ್ತಿದೆ ಅಂತ ಓಡಿ ಬಂದವರಿಗೆ 118/76 ಇದ್ದದ್ದೂ ಉಂಟು. "ಇವತ್ತು ಬಿಪಿ ಜಾಸ್ತಿ ಆಗಿರೋ ಹಂಗಿದೆ" ಅಂತ ಮಾತ್ರೆ ನುಂಗುವುದು, "ಇವತ್ತು ಆರಾಮಿದೀನಿ" ಅಂತ ಬಿಡುವುದು ಎರಡೂ ಒಂದೇ ತಪ್ಪು. ಜ್ವರವನ್ನು ಹಣೆ ಮುಟ್ಟಿ ಅಂದಾಜು ಮಾಡಬಹುದು. ಬಿಪಿಗೆ ಆ ಸೌಕರ್ಯ ಇಲ್ಲ, ಅಳೆಯಲೇಬೇಕು. ಅದು ಸುಮ್ಮನಿದ್ದಷ್ಟು ವರ್ಷವೂ ಮೆದುಳು, ಹೃದಯ, ಮೂತ್ರಪಿಂಡ, ಕಣ್ಣಿನ ಹಿಂಪರದೆಯ ರಕ್ತನಾಳಗಳ ಮೇಲೆ ಕೆಲಸ ಮಾಡುತ್ತಲೇ ಇರುತ್ತದೆ.

"ನಮ್ಮನೇಲಿ ಟೆನ್ಶನ್ನೇ ಇಲ್ಲ, ನಂಗೇ ಯಾಕೆ ಬಂತು?"

ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಬೆರಳಿಟ್ಟು ತೋರಿಸುವಂಥ ಒಂದೇ ಕಾರಣ ಇರುವುದಿಲ್ಲ. ಅಪ್ಪ ಅಮ್ಮನಿಂದ ಬಂದದ್ದು, ವಯಸ್ಸು, ಉಪ್ಪು, ಹೊಟ್ಟೆಯ ಬೊಜ್ಜು, ಕುಡಿತ, ಕೂತೇ ಮಾಡುವ ಕೆಲಸ ಎಲ್ಲ ಸೇರಿರುತ್ತವೆ. ಸಿಟ್ಟು ಬಂದಾಗ ಏರಿದ್ದು ಸಿಟ್ಟು ಇಳಿದಾಗ ಇಳಿಯುತ್ತದೆ, ಅದೇ ಕಾಯಿಲೆಯಲ್ಲ.

"ಹಾಸನದಲ್ಲಿ ಅಷ್ಟೊಂದ್ ಜನ ಹಾರ್ಟ್ ಅಟ್ಯಾಕಲ್ಲಿ ಹೋದ್ರಲ್ಲ, ನಾವೂ ಜಯದೇವಕ್ಕೆ ಹೋಗಿ ತೋರಿಸ್ಬೇಕಾ?"

2025ರ ಜೂನ್, ಜುಲೈನಲ್ಲಿ ದಿನಕ್ಕೊಂದು ಸಾವಿನ ಸುದ್ದಿ ಬಂದು ಇಡೀ ಜಿಲ್ಲೆ ಬೆಚ್ಚಿತ್ತು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗ್ಗೆಯೇ ಸಾಲು ನಿಂತಿತ್ತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿ ಪರಿಶೀಲಿಸಿತು. ಕಂಡದ್ದು ಹೆಚ್ಚಾಗಿ ಹಳೆಯ ಕಾರಣಗಳೇ: ಬಿಪಿ, ಶುಗರ್, ತಂಬಾಕು, ಬೊಜ್ಜು. ಆ ಸಾಲಿನಲ್ಲಿ ನಿಂತವರಲ್ಲಿ ಎಷ್ಟೋ ಜನ ತಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಒಮ್ಮೆಯೂ ಬಿಪಿ ನೋಡಿಸಿರಲಿಲ್ಲ ಅನ್ನುವುದು ನನ್ನ ಗುಮಾನಿ. ಎದೆನೋವು ಇದ್ದರೆ ಖಂಡಿತ ಹೋಗಿ. ಇಲ್ಲದಿದ್ದರೆ ಮೂವತ್ತು ದಾಟಿದವರು ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ತೋಳು ಚಾಚಿ. ಅದಕ್ಕೆ ದುಡ್ಡೂ ಇಲ್ಲ, ಮೈಸೂರಿನ ಬಸ್ಸೂ ಬೇಡ.

## ಅಳತೆ

"ಬೆಳಿಗ್ಗೆ 152, ಸಂಜೆ 128. ಮಿಷಿನ್ ಕೆಟ್ಟಿದ್ಯಾ?"

ಮಿಷಿನ್‌ಗಿಂತ ನಾವು ಕೂರುವ ರೀತಿ ಕೆಟ್ಟಿರುವುದೇ ಹೆಚ್ಚು. ಬಸ್ ಇಳಿದು ಓಡೋಡಿ ಬಂದು, ಸ್ಟೂಲಿನ ಮೇಲೆ ಕಾಲು ಜೋತುಬಿಟ್ಟು, ಪಕ್ಕದವರ ಜೊತೆ ಮಾತಾಡುತ್ತಾ ತೋಳು ಕೊಟ್ಟರೆ ಅಂಕಿ ಹತ್ತು ಹದಿನೈದು ಮೇಲೆ ಹೋದೀತು. ನಮ್ಮ ಕಡೆ ಇನ್ನೊಂದು ತೊಂದರೆ ಸ್ವೆಟರ್. ಮಳೆಗಾಲದಲ್ಲಿ ಯಾರೂ ಬಿಚ್ಚುವುದಿಲ್ಲ, ತೋಳನ್ನು ಸುತ್ತಿ ಸುತ್ತಿ ಮೇಲೇರಿಸುತ್ತಾರೆ. ಅದು ಹಗ್ಗದ ಹಾಗೆ ಬಿಗಿಯುತ್ತದೆ. ಸ್ವೆಟರನ್ನು ಪೂರ್ತಿ ತೆಗೆಯಿರಿ, ಪಟ್ಟಿ ಬರಿ ತೋಳಿಗೇ ಕಟ್ಟಬೇಕು.

ಸರಿಯಾದ ಕ್ರಮ ಹೀಗೆ. ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಬೀಡಿ, ಹೊಗೆಸೊಪ್ಪು ಬೇಡ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ. ತೋಳು ಮೇಜಿನ ಮೇಲೆ, ಎದೆಯ ಮಟ್ಟದಲ್ಲಿ. ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆದಿಡಿ. ಮೊದಲ ಸಲ ಎರಡೂ ತೋಳಲ್ಲಿ ನೋಡಿ, ಹೆಚ್ಚು ಬಂದ ತೋಳಲ್ಲೇ ಮುಂದೆಯೂ ನೋಡಬೇಕು.

ಇಷ್ಟೆಲ್ಲ ಮಾಡಿದರೂ ಬೆಳಿಗ್ಗೆ ಸಂಜೆಗೆ ವ್ಯತ್ಯಾಸ ಇದ್ದೇ ಇರುತ್ತದೆ. ಚಳಿಗಾಲದಲ್ಲಿ ಬೇಸಿಗೆಗಿಂತ ತುಸು ಹೆಚ್ಚೇ ಬರುತ್ತದೆ, ಚಳಿಗೆ ರಕ್ತನಾಳ ಕುಗ್ಗುತ್ತವೆ. ಒಂದು ಅಂಕಿಯನ್ನು ಹಿಡಿದು ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

"ಡಾಕ್ಟ್ರ ಮುಂದೆ ಕೂತ್ರೆ ಮಾತ್ರ ಏರುತ್ತೆ, ಮನೇಲಿ ಸರಿ ಇರುತ್ತೆ. ಯಾವ್ದು ನಂಬೋದು?"

ಏಳು ದಿನ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಮನೆಯಲ್ಲಿ ನೋಡಿ ಬರೆಯಿರಿ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆ ಅಳತೆಗೆ ಗಡಿ 135/85. ಅದಕ್ಕಿಂತ ಕಡಿಮೆ ಇದ್ದರೆ ನಿಮ್ಮದು ಬಿಳಿಕೋಟಿನ ಭಯ. ಮಾತ್ರೆ ತಕ್ಷಣ ಬೇಕಾಗದಿರಬಹುದು, ಆಗಾಗ ನೋಡಿಸುತ್ತಿರಬೇಕು. ಇದಕ್ಕೆ ತಿರುಗುಮುರುಗೂ ಉಂಟು: ಆಸ್ಪತ್ರೆಯಲ್ಲಿ ಸರಿ, ಮನೆಯಲ್ಲಿ ಹೆಚ್ಚು. ಅದು ಹೆಚ್ಚು ಅಪಾಯ, ಯಾಕೆಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

"ಮನೆಗೆ ಯಾವ ಮಿಷಿನ್ ತಗೊಳ್ಳಲಿ?"

ಮೇಲ್ದೋಳಿಗೆ ಕಟ್ಟುವ ಡಿಜಿಟಲ್ ಯಂತ್ರ. ಮಣಿಕಟ್ಟಿನದು, ಬೆರಳಿನದು ಬೇಡ. ಪಟ್ಟಿ ನಿಮ್ಮ ತೋಳಿಗೆ ಸರಿಹೊಂದಬೇಕು, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಸುಳ್ಳು ಏರಿಕೆ ತೋರಿಸುತ್ತದೆ. ವರ್ಷಕ್ಕೊಮ್ಮೆ ಆಸ್ಪತ್ರೆಗೆ ಹೊತ್ತೊಯ್ದು ಅಲ್ಲಿಯದರ ಜೊತೆ ತಾಳೆ ನೋಡಿ.

## ಊಟ, ಕಾಫಿ, ಕೆಲಸ

"ಉಪ್ಪು ಕಮ್ಮಿ ಮಾಡಿ ಅಂತೀರ. ಕಮ್ಮೀನೇ ತಿಂತೀನಿ, ಇನ್ನೆಷ್ಟು ಕಮ್ಮಿ?"

ಎಲ್ಲರೂ ಕಮ್ಮಿಯೇ ತಿನ್ನುತ್ತೇವೆ ಅನ್ನುತ್ತಾರೆ. ಹಾಗಾಗಿ ನಾನು ನಾಲಿಗೆಯನ್ನು ಕೇಳುವುದಿಲ್ಲ, ಪ್ಯಾಕೆಟ್ ಕೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ. ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ಪ್ಯಾಕೆಟ್ ಒಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 25 ದಿನಕ್ಕೆ ಮುಗಿದರೆ ಉತ್ತರ ಸಿಕ್ಕಿತು.

ಇನ್ನು ಪ್ಯಾಕೆಟ್ಟಿಗೆ ಸಿಗದ ಉಪ್ಪು. ಮಲೆನಾಡಿನ ಅಡುಗೆಮನೆ ಮಳೆಗಾಲಕ್ಕೆಂದು ಉಪ್ಪಿನಲ್ಲೇ ಕೂಡಿಟ್ಟುಕೊಂಡದ್ದು: ಮಾವಿನ ಮಿಡಿ, ಕಳಲೆ ಉಪ್ಪಿನಕಾಯಿ, ಉಪ್ಪಿನಲ್ಲಿ ಹಾಕಿದ ಹಲಸಿನ ತೊಳೆ, ಬಾಳಕದ ಮೆಣಸು, ಹಪ್ಪಳ, ಸಂಡಿಗೆ, ಒಣಮೀನು. ಆರು ತಿಂಗಳು ಹೊರಗೆ ಕಾಲಿಡಲಾಗದ ಕಾಲಕ್ಕೆ ಅದು ಬೇಕಿತ್ತು. ಈಗ ಜುಲೈನಲ್ಲೂ ತರಕಾರಿ ಗಾಡಿ ಬರುತ್ತದೆ, ಭರಣಿ ಮಾತ್ರ ಹಾಗೇ ಇದೆ. ಹಾಸನ, ಚನ್ನರಾಯಪಟ್ಟಣದ ಕಡೆಯವರು ಈ ವಿಷಯದಲ್ಲಿ ಪುಣ್ಯವಂತರು, ರಾಗಿಮುದ್ದೆಗೆ ಉಪ್ಪು ಹಾಕುವುದಿಲ್ಲ. ಅದರ ಬದಲು ಉಪ್ಸಾರಿನ ಖಾರದಲ್ಲಿ ಸೇರಿಸಿ ತಿಂದುಬಿಡುತ್ತಾರೆ, ಅದು ಬೇರೆ ಮಾತು. ಬಯಲುಸೀಮೆಯವರಿಗೆ ನಾನು ಹೇಳುವುದು: ಸೊಪ್ಪು, ಕಾಳು ಜಾಸ್ತಿ ಮಾಡಿ, ಖಾರ ಅರೆಯುವಾಗ ಉಪ್ಪು ಅರ್ಧ ಮಾಡಿ, ಹುಣಸೆ, ಬೆಳ್ಳುಳ್ಳಿ ಹೆಚ್ಚಿಸಿ. ಮಲೆನಾಡಿನವರಿಗೆ: ಅಕ್ಕಿರೊಟ್ಟಿ, ಕಡುಬಿನ ಹಿಟ್ಟಿಗೆ ಉಪ್ಪು ಬಿಡಿ, ಪಲ್ಯದಲ್ಲಿ ಇದ್ದೇ ಇರುತ್ತದೆ. ಬರಿ ಬಿಪಿಯವರಿಗೆ ಬೇರೆ ಪಾತ್ರೆ ಇಡಬೇಡಿ, ಇಡೀ ಮನೆಗೆ ಒಂದೇ ಸಾರು. ಎರಡು ಮೂರು ವಾರಕ್ಕೆ ನಾಲಿಗೆ ಒಗ್ಗುತ್ತದೆ.

"ಸೈಂಧವ ಲವಣ ತಿಂದ್ರೆ ಬಿಪಿ ಬರಲ್ವಂತೆ?"

ಅದೂ ಸೋಡಿಯಂ ಕ್ಲೋರೈಡೇ. ಬಣ್ಣ ಬೇರೆ, ಬೆಲೆ ಬೇರೆ. "ಲೋ ಸೋಡಿಯಂ" ಅಂತ ಬರುವ ಉಪ್ಪಿನಲ್ಲಿ ಸ್ವಲ್ಪ ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಅದು ನಿಜಕ್ಕೂ ಬಿಪಿ ಇಳಿಸಲು ನೆರವಾಗುತ್ತದೆ. ಆದರೆ ಮೂತ್ರಪಿಂಡದ ತೊಂದರೆ ಇರುವವರು, ಟೆಲ್ಮಿಸಾರ್ಟನ್, ಎನಲಾಪ್ರಿಲ್‌ನಂಥ ಬಿಪಿ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಳಸಬಾರದು, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪಬಹುದು. ದಿನಾ ಎಳನೀರು ಕುಡಿಯುವವರಿಗೂ ಇದೇ ಮಾತು.

"ಕಾಫಿ ಬಿಡ್ಬೇಕಾ?"

ಬಾಬಾ ಬುಡನ್ ಯೆಮನ್ನಿನಿಂದ ಬೀಜ ತಂದು ನೆಟ್ಟರು ಅನ್ನುವ ಬೆಟ್ಟದ ಬುಡದಲ್ಲಿ ಕೂತು ಈ ಪ್ರಶ್ನೆ ಕೇಳುವವರ ಮುಖ ನೋಡಬೇಕು. ಬಿಡಬೇಕಾಗಿಲ್ಲ. ಕಾಫಿ ಕುಡಿದ ಮೇಲೆ ಎರಡು ಮೂರು ಗಂಟೆ ಬಿಪಿ ಸ್ವಲ್ಪ ಏರುವುದು ನಿಜ, ಅಭ್ಯಾಸ ಇಲ್ಲದವರಲ್ಲಿ ಹೆಚ್ಚು, ನಿತ್ಯ ಕುಡಿಯುವವರಲ್ಲಿ ಕಡಿಮೆ. ದಿನಕ್ಕೆ ಎರಡು ಮೂರು ಲೋಟ ನಡೆಯುತ್ತದೆ. 160/100 ದಾಟಿ ಇನ್ನೂ ಹಿಡಿತಕ್ಕೆ ಬಂದಿಲ್ಲದಿದ್ದರೆ ಒಂದಕ್ಕೆ ಇಳಿಸಿ. ನನಗೆ ಕಾಫಿಗಿಂತ ಅದರ ಜೊತೆ ಬರುವ ಖಾರದ ಅವಲಕ್ಕಿ, ಕೋಡುಬಳೆ ಮೇಲೇ ಅನುಮಾನ.

"ದಿನಾ ತೋಟ ಸುತ್ತುತೀನಿ, ಮತ್ತೆ ವಾಕಿಂಗ್ ಬೇರೆ ಬೇಕಾ?"

ಮರಗಸಿ ಮಾಡುವವರಿಗೆ ಅಂದರೆ ನೆರಳಿನ ಮರದ ಕೊಂಬೆ ಕಡಿಯುವವರಿಗೆ, ಗುಂಡಿ ತೆಗೆಯುವವರಿಗೆ, ಹಣ್ಣು ಕೊಯ್ಯುವವರಿಗೆ ಬೇಡ. ಜೀಪಿನಲ್ಲಿ ತೋಟ ಸುತ್ತುವವರಿಗೆ ಬೇಕು. ವಾರಕ್ಕೆ ಒಟ್ಟು 150 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಅನ್ನುವಷ್ಟು ಬಿರುಸಿನ ನಡಿಗೆ. ಹೆಚ್ಚಿನ ತೂಕದಲ್ಲಿ ಒಂದೊಂದು ಕೆಜಿ ಇಳಿದರೆ ಬಿಪಿಯೂ ಸುಮಾರು ಒಂದೊಂದು ಅಂಕಿ ಇಳಿಯುತ್ತದೆ.

"ದಿನಾ ಒಂದೇ ಕ್ವಾರ್ಟರ್, ಚಳಿಗೆ ಅಂತ..."

ಚಳಿಗೆ ಕಂಬಳಿ ಇದೆ. ಮದ್ಯ ಬಿಪಿ ಏರಿಸುತ್ತದೆ, ಮಾತ್ರೆ ಮರೆಸುತ್ತದೆ.

## ಮಾತ್ರೆ

"ಒಂದ್ಸಲ ಶುರು ಮಾಡಿದ್ರೆ ಜೀವನಪೂರ್ತಿ ನುಂಗ್ಬೇಕಂತೆ. ಈಗ ನಾರ್ಮಲ್ ಬಂದಿದೆ, ಬಿಡ್ಲಾ?"

ನಾರ್ಮಲ್ ಬಂದಿರುವುದು ಮಾತ್ರೆಯಿಂದ. ಛತ್ರಿ ಹಿಡಿದು ನಡೆಯುವವನು "ನಾನು ನೆನೀತಿಲ್ಲ" ಅಂತ ಛತ್ರಿ ಮಡಚಿದ ಹಾಗಾಯಿತು. ನಮ್ಮನೆಯವರೇ 2009ರಲ್ಲಿ ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ಎರಡು ತಿಂಗಳು ಬಿಟ್ಟರು, ನರ್ಸ್ ಹೆಂಡತಿಗೂ ಹೇಳಲಿಲ್ಲ. ಜನವರಿಯಲ್ಲಿ ಒಂದು ಬೆಳಿಗ್ಗೆ ಲೋಟ ಕೈಯಿಂದ ಜಾರಿತು. ಈಗಲೂ ಎಡಗೈಯಲ್ಲಿ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ. ಇದು ಚಟವಲ್ಲ. ತೂಕ, ಉಪ್ಪು, ಕುಡಿತ ಇಳಿಸಿದ ಕೆಲವರಿಗೆ ವೈದ್ಯರು ಮಾತ್ರೆ ಕಡಿಮೆ ಮಾಡುವುದುಂಟು, ಅಪರೂಪಕ್ಕೆ ನಿಲ್ಲಿಸುವುದೂ ಉಂಟು. ಆ ತೀರ್ಮಾನ ಅವರದು. ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೊನಿಡಿನ್ ಅಂಥವನ್ನು ಒಮ್ಮೆಲೇ ನಿಲ್ಲಿಸುವುದಂತೂ ಅಪಾಯ.

"ಈ ಮಾತ್ರೆಯಿಂದ ಕಿಡ್ನಿ ಹೋಗುತ್ತಂತೆ?"

ಕಿಡ್ನಿ ಹಾಳುಮಾಡುವುದು ಹಿಡಿತ ತಪ್ಪಿದ ಬಿಪಿ, ಶುಗರ್. ಇನ್ನೊಂದು, ಮಂಡಿನೋವಿಗೆ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯ ಮಾತ್ರೆಗಳು. ಇವು ಬಿಪಿಯನ್ನೂ ಏರಿಸುತ್ತವೆ, ಕಿಡ್ನಿಗೂ ಪೆಟ್ಟು. ಬಿಪಿ ಮಾತ್ರೆಗೆ ಹೆದರಿ ನೋವಿನ ಮಾತ್ರೆಗೆ ಹೆದರದವರೇ ನನಗೆ ಹೆಚ್ಚು ಸಿಕ್ಕಿದ್ದು. ಮೂಗು ಕಟ್ಟಿದಾಗ ಕೊಡುವ ಕೆಲವು ನೆಗಡಿ ಮಾತ್ರೆಗಳೂ ಬಿಪಿ ಏರಿಸುತ್ತವೆ, ಅಂಗಡಿಯಲ್ಲಿ "ನಂಗೆ ಬಿಪಿ ಇದೆ" ಅಂತ ಮೊದಲೇ ಹೇಳಿ.

"ಮಾತ್ರೆ ಶುರುವಾದ್ಮೇಲೆ ಕಾಲು ಊದಿದೆ" / "ಒಣಕೆಮ್ಮು ನಿಲ್ತಿಲ್ಲ"

ಕಾಲು ಊದುವುದು ಆಮ್ಲೋಡಿಪಿನ್‌ನಿಂದ ಆಗಬಹುದು. ಒಣಕೆಮ್ಮು ಎನಲಾಪ್ರಿಲ್, ರಾಮಿಪ್ರಿಲ್‌ನಿಂದ. ಎರಡಕ್ಕೂ ದಾರಿ ಇದೆ, ಪ್ರಮಾಣ ಇಳಿಸುತ್ತಾರೆ ಇಲ್ಲವೇ ಮಾತ್ರೆ ಬದಲಿಸುತ್ತಾರೆ. ಸುಮ್ಮನೆ ಬಿಟ್ಟುಬಿಡಬೇಡಿ, ಹೋಗಿ ಹೇಳಿ. ಊತದ ಜೊತೆ ಉಬ್ಬಸ ಇದ್ದರೆ ಅದು ಬೇರೆ ವಿಷಯ, ತಡ ಮಾಡಬೇಡಿ.

"ಬೆಳಿಗ್ಗೆ ಒಳ್ಳೇದಾ, ರಾತ್ರಿನಾ? ಮರೆತ್ರೆ ಎರಡು ತಗೊಳ್ಲಾ?"

ಬ್ರಿಟನ್ನಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ನಿಮಗೆ ನೆನಪಾಗುವ ಹೊತ್ತೇ ಒಳ್ಳೆಯ ಹೊತ್ತು. ಮೂತ್ರ ಹೆಚ್ಚು ಮಾಡಿಸುವ ಮಾತ್ರೆಯಿದ್ದರೆ ಬೆಳಿಗ್ಗೆ ತೆಗೆದುಕೊಳ್ಳಿ, ರಾತ್ರಿ ಮಳೆಯಲ್ಲಿ ಬಚ್ಚಲಿಗೆ ಓಡಾಡಿ ಬೀಳುವುದು ತಪ್ಪುತ್ತದೆ. ಮರೆತರೆ ಅದೇ ದಿನ ನೆನಪಾದಾಗ ನುಂಗಿ. ಮರುದಿನ ನೆನಪಾದರೆ ಒಂದೇ, ಎರಡು ಬೇಡ.

"ತಿಂಗಳಾ ಇಷ್ಟು ದುಡ್ಡು ಎಲ್ಲಿಂದ ತರೋದು?"

ಪ್ರಾಥಮಿಕ ಆರೋಗ್ಯ ಕೇಂದ್ರ, "ನಮ್ಮ ಕ್ಲಿನಿಕ್" ಅನ್ನುವ ಸರ್ಕಾರಿ ಕ್ಲಿನಿಕ್, ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರಿನಂಥ ಅಂಟದ ಕಾಯಿಲೆ ನೋಡುವ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಮಾತ್ರೆ ಉಚಿತ. ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಕಡಿಮೆ ಬೆಲೆಗೆ. ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಬಂದು ನೋಡುವ ವ್ಯವಸ್ಥೆ ಇದೆ, ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿರುವವರು ಕೆಲಸ ಹುಡುಕಿ ತೋಟ ಬದಲಿಸುವಾಗ ಮಾತ್ರೆ ಚೀಟಿಯನ್ನು ಗಂಟಿನಲ್ಲಿ ಕಟ್ಟಿಕೊಂಡು ಹೋಗಿ, ಎಲ್ಲಿ ಹೋದರೂ ಅದು ನಡೆಯುತ್ತದೆ.

"ಸರ್ಪಗಂಧದ ಬೇರು ಕುದಿಸಿ ಕುಡಿದ್ರೆ ಬಿಪಿ ಇಳಿಯುತ್ತಂತೆ, ನಿಜಾನಾ?"

ನಿಜ, ತೊಂದರೆಯೂ ಅಲ್ಲೇ ಇದೆ. ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಸರ್ಪಗಂಧದ ಬಗ್ಗೆ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತೇ ಇದರತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಅನ್ನುವ ಔಷಧ ಬೇರ್ಪಡಿಸಿದರು. ಬಿಪಿ ಇಳಿಯಿತು, ಪ್ರಮಾಣ ಹೆಚ್ಚಾದಲ್ಲಿ ಮನಸ್ಸೂ ಕುಗ್ಗಿತು. ಖಿನ್ನತೆಗೆ ಜಾರಿದವರ ವರದಿಗಳು ಬಂದವು. ಅದಕ್ಕಿಂತ ಒಳ್ಳೆಯ ಮಾತ್ರೆಗಳು ಬಂದ ಮೇಲೆ ಅದು ಹಿಂದೆ ಸರಿಯಿತು. ಮನೆಯಲ್ಲಿ ಕುದಿಸಿದ ಬೇರಿನಲ್ಲಿ ಎಷ್ಟು ಔಷಧ ಇಳಿಯಿತು ಅಂತ ಯಾರೂ ಅಳೆಯಲಾರರು, ಮಾತ್ರೆಯ ಜೊತೆ ಸೇರಿದರೆ ಬಿಪಿ ಕುಸಿಯಬಹುದು. ಕೆಮ್ಮಿಗೆ ಅಂತ ದಿನಾ ಜಗಿಯುವ ಜ್ಯೇಷ್ಠಮಧು ಇದಕ್ಕೆ ಉಲ್ಟಾ, ಅದು ಬಿಪಿ ಏರಿಸುತ್ತದೆ. ಬೆಳ್ಳುಳ್ಳಿ ಸಾರಿಗೆ ಹಾಕಿ ತಿನ್ನಿ, ಮಾತ್ರೆಯ ಜಾಗಕ್ಕೆ ಅದು ಬರುವುದಿಲ್ಲ.

## ತುರ್ತು ಮತ್ತು ಸಿಕ್ಕಿನ ಪ್ರಶ್ನೆಗಳು

"ರಾತ್ರಿ ನೋಡಿದ್ರೆ 190/120! ಏನ್ಮಾಡ್ಲಿ?"

ಮೊದಲು ನೋಡಬೇಕಾದ್ದು ಮನುಷ್ಯನನ್ನು. ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವುದು, ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು, ಗೊಂದಲ, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ. ಏನೂ ಇಲ್ಲದಿದ್ದರೆ ಸುಮ್ಮನೆ ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಆ ದಿನದ ಮಾತ್ರೆ ಬಿಟ್ಟುಹೋಗಿದ್ದರೆ ಕೊಡಿ. ಅಷ್ಟೇ ಬಂದರೆ ವೈದ್ಯರಿಗೆ ಫೋನ್ ಮಾಡಿ, ಬೆಳಿಗ್ಗೆ ತಪ್ಪದೆ ತೋರಿಸಿ. ಹಿಂದೆಲ್ಲ ನಿಫೆಡಿಪಿನ್ ಕ್ಯಾಪ್ಸೂಲ್ ಚುಚ್ಚಿ ನಾಲಿಗೆ ಕೆಳಗೆ ಹಿಂಡುತ್ತಿದ್ದೆವು, ನಾನೂ ಮಾಡಿದ್ದೇನೆ. ಬಿಪಿ ಒಮ್ಮೆಲೇ ಬಿದ್ದು ಮೆದುಳಿಗೆ, ಹೃದಯಕ್ಕೆ ರಕ್ತ ಸಾಲದೆ ಅನಾಹುತ ಆಗುತ್ತದೆ ಅಂತ ಆಮೇಲೆ ಗೊತ್ತಾಗಿ ಕೈಬಿಟ್ಟರು. ಯಾರಾದರೂ ಇನ್ನೂ ಸಲಹೆ ಕೊಟ್ಟರೆ ಬೇಡ ಅನ್ನಿ.

"ಲಕ್ವ ಹೊಡೆದ್ರೆ ಮೊದಲು ನಾಟಿ ಔಷಧಿಗೆ ಕರ್ಕೊಂಡ್ ಹೋಗೋದಾ, ಆಸ್ಪತ್ರೆಗಾ?"

ಆಸ್ಪತ್ರೆಗೆ, ಅದೂ ಸಿಟಿ ಸ್ಕ್ಯಾನ್ ಇರುವ ಕಡೆ. ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಸಕಲೇಶಪುರದಿಂದ ಹಾಸನಕ್ಕೆ 40 ಕಿಲೋಮೀಟರ್, ಒಳಗಿನ ತೋಟದಿಂದ ಸಕಲೇಶಪುರಕ್ಕೆ ಬರುವಷ್ಟರಲ್ಲೇ ಅರ್ಧ ಹೊತ್ತು ಹೋಗಿರುತ್ತದೆ. ಬಾಯಿ ಸೊಟ್ಟಗಾಯಿತೇ, ಎತ್ತಿದ ಕೈ ಜಾರಿತೇ, ಮಾತು ತಪ್ಪಿತೇ, ಆಗಲೇ ಗಡಿಯಾರ ನೋಡಿ ಹೊರಡಿ. ಎದೆನೋವಾದರೆ ಹತ್ತಿರದ ತಾಲ್ಲೂಕು ಆಸ್ಪತ್ರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲೇ ಇಸಿಜಿ ತೆಗೆದು ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುತ್ತಾರೆ.

"ಮಗಳು ಬಸುರಿ, ಏಳನೇ ತಿಂಗಳಲ್ಲಿ ಬಿಪಿ ಬಂದಿದೆ. ಹೆರಿಗೆ ಆದ್ಮೇಲೆ ಹೋಗುತ್ತಲ್ವಾ?"

ಹೆಚ್ಚಿನವರಿಗೆ ಹೋಗುತ್ತದೆ, ಅಲ್ಲಿಯವರೆಗೆ ಕಾಯುವ ಹಾಗಿಲ್ಲ. 20 ವಾರದ ನಂತರ 140/90 ದಾಟಿ ಮೂತ್ರದಲ್ಲಿ ಪ್ರೋಟೀನ್ ಕಂಡರೆ ತಾಯಿಗೂ ಮಗುವಿಗೂ ಅಪಾಯ. ತಲೆನೋವು, ಕಣ್ಣು ಮಂಜು, ಎದೆಗುಂಡಿಯ ಕೆಳಗೆ ನೋವು, ಮುಖ ಊದುವುದು ಕಂಡರೆ ಅದೇ ಗಳಿಗೆ ಆಸ್ಪತ್ರೆ. ಲ್ಯಾಬೆಟಲಾಲ್, ಮೀಥೈಲ್‌ಡೋಪಾದಂಥ ಮಾತ್ರೆ ಬಸುರಿಯರಿಗೆ ಕೊಡುತ್ತಾರೆ. ಟೆಲ್ಮಿಸಾರ್ಟನ್, ಎನಲಾಪ್ರಿಲ್ ಕೊಡಬಾರದು. ಮೊದಲೇ ಬಿಪಿ ಇದ್ದು ಮಗುವಿಗೆ ಯೋಚಿಸುತ್ತಿರುವವರು ಮುಂಚೆಯೇ ಮಾತ್ರೆ ಬದಲಿಸಿಕೊಳ್ಳಬೇಕು. ಹೆರಿಗೆಯಾದ ಮೇಲೂ ಆರು ವಾರ ಬಿಪಿ ನೋಡಿಸಿ, ಬಾಣಂತನದ ಕೋಣೆಗೆ ಯಂತ್ರ ತಂದರೆ ಮೈಲಿಗೆ ಆಗುವುದಿಲ್ಲ.

"ಅಪ್ಪಂಗೆ ಎಂಬತ್ತು. ಎದ್ದು ನಿಂತ್ರೆ ಕಣ್ಣು ಕತ್ತಲೆ ಬರುತ್ತೆ, ಮಾತ್ರೆ ನಿಲ್ಲಿಸ್ಲಾ?"

ಕೂತಾಗ ಒಮ್ಮೆ, ನಿಂತು ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಒಮ್ಮೊಮ್ಮೆ ನೋಡಿ. ಮೇಲಿನದು 20 ಇಳಿದರೆ ಬರೆದುಕೊಂಡು ವೈದ್ಯರಿಗೆ ತೋರಿಸಿ, ಅವರು ಪ್ರಮಾಣ ಸರಿಮಾಡುತ್ತಾರೆ. ಅಲ್ಲಿಯವರೆಗೆ ಹಾಸಿಗೆಯ ಅಂಚಿನಲ್ಲಿ ಎರಡು ನಿಮಿಷ ಕೂತು ಏಳಲಿ.

"ಮೂರು ಮಾತ್ರೆ ತಗೊಂಡ್ರೂ ಇಳೀತಿಲ್ಲ"

ಆಗ ಬೇರೆ ಕಾರಣ ಹುಡುಕಬೇಕು: ಮೂತ್ರಪಿಂಡ, ಅದರ ರಕ್ತನಾಳ, ಅಡ್ರಿನಲ್ ಗ್ರಂಥಿ, ಥೈರಾಯ್ಡ್, ರಾತ್ರಿ ಗೊರಕೆಯ ನಡುವೆ ಉಸಿರು ನಿಂತು ನಿಂತು ಹೋಗುವ ತೊಂದರೆ. ಮೂವತ್ತರೊಳಗೆ ಬಿಪಿ ಬಂದವರಿಗೂ ಇದೇ ಹುಡುಕಾಟ. ಆದರೆ ಅದಕ್ಕೂ ಮುಂಚೆ ಒಂದು ಕೆಲಸ, ಮನೆಯಲ್ಲಿರುವ ಮಾತ್ರೆಯೆಲ್ಲ ಒಂದು ಚೀಲಕ್ಕೆ ಸುರಿದು ತನ್ನಿ. ಬೇಲೂರು ಕಡೆಯ ಒಬ್ಬರು ಹಾಗೆ ತಂದಿದ್ದರು. ಮೂರು ಸ್ಟ್ರಿಪ್ಪಿನಲ್ಲಿ ಎರಡು ಒಂದೇ ಔಷಧ, ಕಂಪನಿ ಮಾತ್ರ ಬೇರೆ. ಮೂರನೆಯದು ಅವರ ಹೆಂಡತಿಯ ಥೈರಾಯ್ಡ್ ಮಾತ್ರೆ. ಆಕೆ ಆರು ತಿಂಗಳಿಂದ "ನನ್ನ ಮಾತ್ರೆ ಬೇಗ ಬೇಗ ಖಾಲಿಯಾಗ್ತಿದೆ" ಅಂತ ಅಂಗಡಿಯವನ ಜೊತೆ ಜಗಳ ಆಡುತ್ತಿದ್ದರಂತೆ.